ಬಳ್ಳಾರಿ ಬಿಸಿಲಿಗೊಂದು ಹಳೆಯ ಮೋಟಾರ್ ಹೋಮ್: ಟ್ರಾವೆಲರ್ 3350 ಕ್ಯಾರವಾನ್ ಖರೀದಿಯ ವಿಮರ್ಶೆ

ಬಳಸಿದ ಮೋಟಾರ್ ಹೋಮ್ ಕೊಳ್ಳುವವರು ಒಂದೇ ಬೆಲೆಗೆ ಎರಡು ವಸ್ತುಗಳನ್ನು ಕೊಳ್ಳುತ್ತಾರೆ. ಒಂದು, ಕಾರ್ಖಾನೆಯಲ್ಲಿ ತಯಾರಾಗಿ ರಸ್ತೆಗೆ ಇಳಿದ ಗಾಡಿ. ಇನ್ನೊಂದು, ಅದರೊಳಗೆ ಬಡಗಿ, ವೈರ್‌ಮನ್ ಮತ್ತು ಪ್ಲಂಬರ್ ಸೇರಿ ಕಟ್ಟಿದ ಮನೆ. ಗಾಡಿಯನ್ನು ನೋಡಿ ಹೇಳಬಲ್ಲ ಮೆಕ್ಯಾನಿಕ್‌ಗಳಿಗೆ ಬಳ್ಳಾರಿಯಲ್ಲಿ ಬರವಿಲ್ಲ. ಅದಿರು ಲಾರಿಗಳನ್ನು ದುರಸ್ತಿ ಮಾಡುತ್ತಲೇ ಈ ಊರಿನಲ್ಲಿ ಡೀಸೆಲ್ ಇಂಜಿನ್ನಿನ ಪರಿಣತಿ ಬೆಳೆದಿದೆ. ಮನೆಯ ಭಾಗವನ್ನು ನೋಡಿ ಹೇಳುವವರು ಮಾತ್ರ ಸಿಗುವುದಿಲ್ಲ, ಅದನ್ನು ಕೊಳ್ಳುವವರೇ ಕಲಿತು ಪರೀಕ್ಷಿಸಬೇಕು. ನಮ್ಮ ಕುಟುಂಬ 2018ರ ಫೋರ್ಸ್ ಟ್ರಾವೆಲರ್ 3350 ಮೇಲೆ ಕಟ್ಟಿದ ಕ್ಯಾರವಾನ್ ಒಂದನ್ನು ಬೆಂಗಳೂರಿನ ಖಾಸಗಿ ಮಾಲೀಕರೊಬ್ಬರಿಂದ ಕೊಂಡು, ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಅದರೊಂದಿಗೆ ಕಳೆದ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದವರು ಇಂಥ ಗಾಡಿಯನ್ನು ಹಾಸಿಗೆ, ಪರದೆ, ದೀಪಗಳ ಅಂದ ನೋಡಿ ಆರಿಸಬಾರದು. ಮೊದಲು ಆರ್‌ಸಿ, ಅಂದರೆ ನೋಂದಣಿ ಪತ್ರ ಓದಬೇಕು, ಆಮೇಲೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದರೊಳಗೆ ಕೂತು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮಗೆ ಕ್ಯಾರವಾನ್ ಬೇಕಾದದ್ದು ಮುಖ್ಯವಾಗಿ ಅವ್ವನಿಗಾಗಿ. ಮೊಣಕಾಲು ನೋವಿನಿಂದಾಗಿ ಅವರಿಗೆ ದಾರಿಯ ಹೋಟೆಲುಗಳ ಶೌಚಾಲಯ ಬಳಸುವುದು ಕಷ್ಟ. ಆದರೆ ಮಂತ್ರಾಲಯ, ಶ್ರೀಶೈಲ, ಕನಕಗಿರಿ, ಸಂಡೂರಿನ ಕುಮಾರಸ್ವಾಮಿ ಬೆಟ್ಟಗಳಿಗೆ ಹೋಗುವ ಆಸೆ ಕುಂದಿಲ್ಲ. ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಮಾದರಿಯನ್ನು ಆರಂಭದಲ್ಲೇ ಕೈಬಿಟ್ಟೆವು. ಜಾತ್ರೆಯ ಊರುಗಳ ಇಕ್ಕಟ್ಟಿನಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದು ಸಾಮಾನ್ಯ ಚಾಲಕರಿಂದ ಆಗುವ ಕೆಲಸವಲ್ಲ. ಹೊಸ ಗಾಡಿ ಕೊಂಡು ಒಳಗೆ ಮನೆ ಕಟ್ಟಿಸುವ ಖರ್ಚು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹೀಗಾಗಿ ಹಳೆಯ ಗಾಡಿಗಳತ್ತ ತಿರುಗಿದೆವು. ಕೊಳ್ಳುವ ಮೊದಲು ಬೆಂಗಳೂರಿನಿಂದ ಬಾಡಿಗೆಗೆ ಸಿಗುವ ಕ್ಯಾರವಾನ್ ಒಂದರಲ್ಲಿ ವಾರಾಂತ್ಯ ಕಳೆದದ್ದು ಬಹಳ ಉಪಯೋಗಕ್ಕೆ ಬಂತು. ನಿಂತು ಅಡುಗೆ ಮಾಡಲು ಎಷ್ಟು ಎತ್ತರ ಬೇಕು, ರಾತ್ರಿ ಒಬ್ಬರು ಎದ್ದರೆ ಉಳಿದವರ ನಿದ್ದೆ ಕೆಡದಂತೆ ದಾರಿ ಎಲ್ಲಿರಬೇಕು ಎಂಬುದೆಲ್ಲ ಫೋಟೊ ನೋಡಿ ತಿಳಿಯುವ ಸಂಗತಿಗಳಲ್ಲ.

ಈಗ ಕಾಗದಪತ್ರಗಳ ವಿಷಯ. ಮಾರುಕಟ್ಟೆಯಲ್ಲಿ ಕ್ಯಾರವಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕಿರುವ ಗಾಡಿಗಳಲ್ಲಿ ಕೆಲವು ಹಿಂದೆ ಬಾಡಿಗೆ ಟಿಟಿ (ಟೆಂಪೊ ಟ್ರಾವೆಲರ್) ಆಗಿದ್ದವು, ಕೆಲವು ಶಾಲಾ ವಾಹನ ಅಥವಾ ಆಂಬುಲೆನ್ಸ್ ಆಗಿದ್ದವು. ಸೀಟು ಕಿತ್ತು, ಹಾಸಿಗೆ ಹಾಕಿ, ಒಂದು ಸಿಂಕ್ ಕೂರಿಸಿದ ಮಾತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಅವು ಕ್ಯಾರವಾನ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಆದ್ದರಿಂದ ಆರ್‌ಸಿಯಲ್ಲಿ ವಾಹನದ ವರ್ಗ ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಎಂದು ನಮೂದಾಗಿದೆಯೇ ಎಂಬುದೇ ಮೊದಲ ಪ್ರಶ್ನೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಬರುತ್ತದೆ. ಅದರ ನೋಂದಣಿ 15 ವರ್ಷ ನಡೆಯುತ್ತದೆ, ಬಿಳಿ ಬೋರ್ಡ್ ಇರುತ್ತದೆ, ಪರ್ಮಿಟ್ ಬೇಕಿಲ್ಲ. ಹಳದಿ ಬೋರ್ಡಿನ, ಅಂದರೆ ಬಾಡಿಗೆ ಓಡಿಸುವ ಗಾಡಿಗಾದರೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ರಾಜ್ಯ ದಾಟುವಾಗಲೆಲ್ಲ ಪರ್ಮಿಟ್ ಮತ್ತು ತೆರಿಗೆಯ ಚಿಂತೆ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗಬೇಕಾದರೂ ಆಂಧ್ರದ ಗಡಿ ದಾಟಲೇಬೇಕಾದ ನಮ್ಮ ಭಾಗದವರಿಗೆ ಈ ವ್ಯತ್ಯಾಸ ಬೇರೆಯವರಿಗಿಂತ ಹೆಚ್ಚು ಮುಖ್ಯ.

ಗಡಿಯ ಇನ್ನೊಂದು ಪರಿಣಾಮವೆಂದರೆ, ಆದೋನಿ, ಗುಂತಕಲ್, ಕರ್ನೂಲು ಕಡೆಯ ಗಾಡಿಗಳು ಬಳ್ಳಾರಿ ಮತ್ತು ರಾಯಚೂರಿನ ಮಧ್ಯವರ್ತಿಗಳ ಬಳಿ ಕಡಿಮೆ ಬೆಲೆಗೆ ಬಂದು ನಿಲ್ಲುತ್ತವೆ. ಬೆಲೆ ಕಡಿಮೆ ಎಂದು ಮುಂಗಡ ಕೊಡುವ ಮೊದಲು ನಮೂನೆ 28ರಲ್ಲಿ ಅಲ್ಲಿಯ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಕ್ಕಿದೆಯೇ, ಕರ್ನಾಟಕದಲ್ಲಿ ಮರುನೋಂದಣಿಗೆ ಎಷ್ಟು ತೆರಿಗೆ ಬೀಳುತ್ತದೆ ಎಂಬುದನ್ನು ನಮ್ಮ ಆರ್‌ಟಿಒ ಕಚೇರಿಯಲ್ಲೇ ಲೆಕ್ಕ ಹಾಕಿಸಿಕೊಳ್ಳಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಗ್ಗದ ಗಾಡಿಗೆ ತೆರಿಗೆ ಸೇರಿಸಿದಾಗ ಅದು ಕೆಎ ನೋಂದಣಿಯ ಗಾಡಿಗಿಂತ ದುಬಾರಿಯಾದದ್ದನ್ನು ನಾವೇ ಲೆಕ್ಕ ಹಾಕಿ ನೋಡಿ ಎರಡು ಗಾಡಿಗಳನ್ನು ಬಿಟ್ಟೆವು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್, ವಾಹನದ ವರ್ಗ ಕಾಣುತ್ತವೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ನಮೂನೆ 35ರ ಮೂಲಕ ಅದನ್ನು ತೆಗೆಸಿಯೇ ವ್ಯವಹಾರ ಮುಂದುವರಿಸಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ವಿಮೆಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರು ಪರಿಹಾರ ಕೇಳದೆ ಗಳಿಸಿದ ವಿಮಾ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಯೊಂದಿಗೆ ಬರುವುದಿಲ್ಲ, ಅದು ಅವರಿಗೇ ಸೇರಿದ್ದು. ಒಳಗಿನ ಫ್ರಿಜ್, ಬ್ಯಾಟರಿ, ಸೋಲಾರ್ ಫಲಕಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ಬರಿಯ ಗಾಡಿಯ ಬೆಲೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಗಾಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1987ರಲ್ಲಿ ಬಜಾಜ್ ಟೆಂಪೊ ಹೆಸರಿನಲ್ಲಿ ಆರಂಭವಾದ ಟ್ರಾವೆಲರ್ ಇಂದು ಪ್ರತಿ ತಾಲ್ಲೂಕಿನಲ್ಲೂ ಓಡುತ್ತಿದೆ, ಮರ್ಸಿಡಿಸ್ ಮೂಲದ ಅದರ 2.6 ಲೀಟರ್ ಡೀಸೆಲ್ ಇಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ಸಿಗುವುದು ಕಷ್ಟ, ಬಿಡಿಭಾಗ ಗಂಗಾವತಿಯಲ್ಲೂ ಸಿಂಧನೂರಿನಲ್ಲೂ ದೊರೆಯುತ್ತದೆ. 3350 ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಮಿಲಿಮೀಟರಿನಲ್ಲಿ. ಮೂರು ಜನಕ್ಕೆ ಇದು ಸಾಕಾಗುವ, ಊರೊಳಗೆ ತಿರುಗಿಸಲೂ ಆಗುವ ಅಳತೆ. ಆದರೆ ಕ್ಯಾರವಾನ್ ಆಗಿ ಬಳಕೆಯಾದ ಗಾಡಿಯಲ್ಲಿ ಕಿಲೋಮೀಟರ್ ಮೀಟರನ್ನು ಮಾತ್ರ ನಂಬಬಾರದು. ಎಸಿಗಾಗಿ ಗಂಟೆಗಟ್ಟಲೆ ನಿಂತಲ್ಲೇ ಇಂಜಿನ್ ಓಡಿಸಿದ್ದರೆ ಮೀಟರ್ ಮುಂದೆ ಸರಿದಿರುವುದಿಲ್ಲ, ಇಂಜಿನ್ ಮಾತ್ರ ಸವೆದಿರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ನಮ್ಮೆದುರಿಗೇ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲಿಂದ ಎಷ್ಟು ಜೋರಾಗಿ ಗಾಳಿ ಉಗುಳುತ್ತದೆ ಎಂದು ನೋಡಬೇಕು. ಜೋರಾಗಿದ್ದರೆ ಇಂಜಿನ್ ಸವೆದಿರುವ ಲಕ್ಷಣ. ಇದಕ್ಕೆ ವಿರುದ್ಧವಾದ ರೋಗವೂ ಇದೆ: ಬಹುಕಾಲ ಶೆಡ್ಡಿನಲ್ಲಿ ನಿಂತ ಕ್ಯಾರವಾನ್‌ಗಳ ಟೈರುಗಳಲ್ಲಿ ಹಲ್ಲು ಉಳಿದಿದ್ದರೂ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ನಮ್ಮ ಗಾಡಿಯ ಟೈರುಗಳು 2018ರವೇ ಆಗಿದ್ದವು, ಹೀಗಾಗಿ ಐದೂ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೆವು. ಗೋಕರ್ಣ, ಕಾರವಾರ ಕಡೆ ಹೆಚ್ಚು ಓಡಾಡಿದ ಗಾಡಿಯ ತಳ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದಿದೆಯೇ ಎಂದು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಲೇಬೇಕು. ಬಳ್ಳಾರಿಯಿಂದ ನಾವು ಜೊತೆಗೆ ಕರೆದೊಯ್ದಿದ್ದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಎದ್ದು, "ಇಂಜಿನ್ ಗಟ್ಟಿ ಐತ್ರಿ ಸರ್, ಮನಿ ಭಾಗ ನೀವ ನೋಡ್ಕೊಳ್ರಿ" ಎಂದರು.

ಆ ಮನೆಯ ಭಾಗದಲ್ಲಿ ಮೊದಲು ನೋಡಬೇಕಾದದ್ದು ಚಾವಣಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವಾಗ ತಗಡಿನ ಚಾವಣಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಬೆಂಗಳೂರಿನಲ್ಲಿ ಹಿತವೆನಿಸಿದ ಗಾಡಿ ಇಲ್ಲಿ ಕುಲುಮೆಯಾಗಿಬಿಡಬಹುದು. ಚಾವಣಿಯ ಒಳಗೆ ಶಾಖ ತಡೆಯುವ ಹಾಳೆ ಇದೆಯೇ ಎಂದು ಕೇಳಿದರೆ ಎಲ್ಲ ಮಾರಾಟಗಾರರೂ ಇದೆ ಎನ್ನುತ್ತಾರೆ. ಮಾಲೀಕರ ಒಪ್ಪಿಗೆ ಪಡೆದು ಚಾವಣಿಯ ಒಂದು ದೀಪವನ್ನು ಕಳಚಿ, ಆ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡುವುದೇ ಸರಿಯಾದ ದಾರಿ. ನಾವು ನೋಡಿದ ಒಂದು ಗಾಡಿಯಲ್ಲಿ ಚೆಂದದ ಪ್ಲೈವುಡ್ಡಿನ ಹಿಂದೆ ಬರೀ ತಗಡು ಇತ್ತು. ಅದನ್ನು ಕಟ್ಟಿದವರು ನೆತ್ತಿಯ ಮೇಲಿನ ಬಿಸಿಲನ್ನು ಯೋಚಿಸಿಯೇ ಇರಲಿಲ್ಲ. ನಾವು ಕೊಂಡ ಗಾಡಿಯ ಚಾವಣಿಯಲ್ಲಿ 25 ಮಿಲಿಮೀಟರ್ ದಪ್ಪದ ಫೋಮ್ ಹಾಳೆ ಒತ್ತಾಗಿ ಕೂತಿದೆ, ಪಕ್ಕದ ಗೋಡೆಗಳಲ್ಲೂ ಇದೆ, ಹಿಂದಿನ ಬಾಗಿಲುಗಳಲ್ಲಿ ಮಾತ್ರ ಇರಲಿಲ್ಲ. ಬಾಗಿಲಿನ ಒಳಗೆ ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿದ ಮೇಲೆ ಮಧ್ಯಾಹ್ನದ ಮೂರು ಗಂಟೆಗೆ ಆ ಕಡೆ ಕೈಯಿಟ್ಟರೂ ತಡೆದುಕೊಳ್ಳುವಂತಾಯಿತು. ಗಾಜಿನ ಕಿಟಕಿಗಳಿಗೆ ಒಳಗಡೆ ಪರದೆ ಹಾಕಿ ಪ್ರಯೋಜನ ಕಡಿಮೆ, ಏಕೆಂದರೆ ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಒಳಗೆ ಬಂದಿರುತ್ತದೆ. ಬೆಳ್ಳಿ ಬಣ್ಣದ ಹಾಳೆಯನ್ನು ಹೊರಗಡೆಯಿಂದ ಕಟ್ಟಿದರೆ ಫಲ ಕಣ್ಣಿಗೆ ಕಾಣುತ್ತದೆ.

ಮರಗೆಲಸದಲ್ಲಿ ಪ್ಲೈವುಡ್ ಯಾವ ದರ್ಜೆಯದು ಎಂಬುದು ಮುಖ್ಯ. ಐಎಸ್ 710 ಮುದ್ರೆಯ ಮರೈನ್ ಪ್ಲೈ ನೀರಿಗೆ ತಡೆಯುತ್ತದೆ, ಐಎಸ್ 303ರ ಸಾಮಾನ್ಯ ಪ್ಲೈ ಸಿಂಕಿನ ಕೆಳಗೆ ಮತ್ತು ಸ್ನಾನದ ಮೂಲೆಯಲ್ಲಿ ಬೇಗ ಉಬ್ಬುತ್ತದೆ. ಚಾವಣಿಯ ಮೇಲೆ ಎಸಿ, ಗಾಳಿಕಿಂಡಿ, ಸೋಲಾರ್ ಫಲಕಗಳಿಗಾಗಿ ಕೊರೆದ ಪ್ರತಿ ತೂತೂ ಮುಂದೊಂದು ದಿನ ನೀರು ಸೋರುವ ಜಾಗವೇ ಆದ್ದರಿಂದ ಏಣಿ ಹಾಕಿ ಮೇಲೆ ಹತ್ತಿ ಸೀಲಂಟ್ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು, ಒಳಗಡೆ ಅದೇ ಜಾಗದಲ್ಲಿ ಬೆರಳಿನಿಂದ ಒತ್ತಬೇಕು. ಮೆತ್ತಗಿದ್ದರೆ ಪ್ಲೈ ಕೊಳೆತಿದೆ ಎಂದೇ ಅರ್ಥ. ಬಳ್ಳಾರಿಯಲ್ಲಿ ಮಳೆ ಕಡಿಮೆ ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ, ಏಕೆಂದರೆ ಗಾಡಿ ಈವರೆಗೆ ಬದುಕಿದ್ದು ಬೇರೆ ಊರಿನ ಮಳೆಯಲ್ಲಿ.

ಮಾರಾಟದ ಜಾಹೀರಾತುಗಳಲ್ಲಿ ಅತಿ ಹೆಚ್ಚು ಉತ್ಪ್ರೇಕ್ಷೆ ಇರುವುದು ವಿದ್ಯುತ್ತಿನ ವಿಷಯದಲ್ಲಿ, ಅದರಲ್ಲೂ ರಾತ್ರಿಯಿಡೀ ಬ್ಯಾಟರಿಯ ಮೇಲೆ ಎಸಿ ಓಡುತ್ತದೆ ಎಂಬ ಮಾತಿನಲ್ಲಿ. ಲೆಕ್ಕ ಕಷ್ಟದ್ದಲ್ಲ. ನಮ್ಮ ಗಾಡಿಯಲ್ಲಿ 12 ವೋಲ್ಟ್, 150 ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಲೆಡ್-ಆಸಿಡ್ ಬ್ಯಾಟರಿಗಳಿದ್ದವು. ಗುಣಿಸಿದರೆ 3,600 ವ್ಯಾಟ್-ಅವರ್. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಬಳಸಬಹುದಾದದ್ದು 1,800. ಸುಡುಬಿಸಿಲಿನಲ್ಲಿ ಒಂದು ಟನ್ ಎಸಿ ಸುಮಾರು 1,000 ವ್ಯಾಟ್ ಎಳೆದರೆ, ಇನ್ವರ್ಟರಿನ ನಷ್ಟವೂ ಸೇರಿ ಒಂದೂವರೆ ಗಂಟೆಗೆ ಮುಗಿಯುತ್ತದೆ. ಅದೂ ಬ್ಯಾಟರಿ ಹೊಸದಾಗಿದ್ದರೆ. ಮಾಲೀಕರ ಮನೆಯಂಗಳದಲ್ಲೇ ಹೊರಗಿನ ಕರೆಂಟ್ ತೆಗೆಸಿ, ಎಸಿ, ಫ್ರಿಜ್, ಪಂಪು ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿಸಿ, ಮಲ್ಟಿಮೀಟರ್ ಹಿಡಿದು ಕೂತೆವು. ನಿಂತ ಬ್ಯಾಟರಿ 12.7 ವೋಲ್ಟ್ ತೋರಿಸುತ್ತಿತ್ತು, ಅಂದರೆ ಪೂರ್ತಿ ತುಂಬಿದ ಲಕ್ಷಣ. ಭಾರ ಬಿದ್ದ ಕೂಡಲೇ ಇಳಿದು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇನ್ವರ್ಟರ್ ಕೂಗಿ ನಿಂತಿತು. ಮಾಲೀಕರು ಇದನ್ನು ಬಚ್ಚಿಡಲಿಲ್ಲ, ತಾವು ಯಾವಾಗಲೂ ಹೋಮ್‌ಸ್ಟೇಗಳ ಪ್ಲಗ್‌ಗೆ ಹಾಕಿಯೇ ಬಳಸಿದ್ದಾಗಿ ಹೇಳಿದರು. ಎರಡೂ ಬ್ಯಾಟರಿಗಳ ಬೆಲೆಯನ್ನು ಕಳೆಯಲು ಈ ಪರೀಕ್ಷೆಯೇ ಸಾಕಾಯಿತು.

ಅವುಗಳ ಜಾಗದಲ್ಲಿ ನಾವು 12.8 ವೋಲ್ಟ್, 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದ್ದೇವೆ. ಇದು 2,560 ವ್ಯಾಟ್-ಅವರ್. ಹೆಚ್ಚಿನ ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು, ತೂಕವೂ ಬಹಳ ಕಡಿಮೆ. ಆದರೆ 45 ಡಿಗ್ರಿ ದಾಟಿದ ಜಾಗದಲ್ಲಿ ಚಾರ್ಜ್ ಮಾಡುವುದು ಇದರ ಆಯುಸ್ಸಿಗೆ ಒಳ್ಳೆಯದಲ್ಲ. ಆದ್ದರಿಂದ ಬೆಂಚಿನ ಕೆಳಗಿನ ಮುಚ್ಚಿದ ಪೆಟ್ಟಿಗೆಗೆ ಗಾಳಿಕಿಂಡಿ ಕೊರೆದು ಚಿಕ್ಕ ಫ್ಯಾನ್ ಕೂರಿಸಬೇಕಾಯಿತು. ಚಾವಣಿಯ ಮೇಲೆ 330 ವ್ಯಾಟಿನ ಎರಡು ಸೋಲಾರ್ ಫಲಕಗಳಿವೆ. ನಮ್ಮಲ್ಲಿ ಬಿಸಿಲು ಧಾರಾಳ, ಆದರೆ ಫಲಕ ಕಾದಂತೆ 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಉತ್ಪಾದನೆ ಕಡಿಮೆಯಾಗುತ್ತದೆ, ಜೊತೆಗೆ ಕೆಂಪು ಧೂಳು. ಸಂಡೂರು, ತೋರಣಗಲ್ಲು ಕಡೆ ಹೋಗಿ ಬಂದರೆ ಫಲಕಗಳನ್ನೂ ಎಸಿಯ ಕಂಡೆನ್ಸರನ್ನೂ ತೊಳೆಯದೆ ಬಿಡುವಂತಿಲ್ಲ. ಫ್ಯಾನು, ದೀಪ, ಫ್ರಿಜ್, ಪಂಪು, ಮೊಬೈಲ್‌ಗಳಿಗೆ ಈ ವ್ಯವಸ್ಥೆ ಸಾಕಷ್ಟಾಗಿ ಉಳಿಯುತ್ತದೆ. ಬೇಸಿಗೆಯ ರಾತ್ರಿ ಎಸಿ ಬೇಕೆಂದರೆ ಹೊರಗಿನ ಕರೆಂಟ್ ಬೇಕೇ ಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಯಾತ್ರಿ ನಿವಾಸಗಳಲ್ಲೂ ಲಾಡ್ಜ್‌ಗಳಲ್ಲೂ ಹಣ ಕೊಟ್ಟು ಕೇಳಿದರೆ 16 ಆಂಪಿಯರ್ ಸಾಕೆಟ್ ಸಿಗುತ್ತದೆ. ಅರ್ತಿಂಗ್ ಸರಿಯಿದೆಯೇ ಎಂದು ನೋಡದೆ ಸೇರಿಸಬಾರದು, ಗಾಡಿಯಲ್ಲಿ ಕರೆಂಟ್ ಸೋರಿದರೆ ತಾನಾಗಿ ಕಡಿದುಬಿಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ತಗಡಿನ ಗೋಡೆಗಳ ನಡುವೆ ಮಲಗುವವರಿಗೆ ಇದು ಪ್ರಾಣದ ಪ್ರಶ್ನೆ.

ನೀರಿನ ಟ್ಯಾಂಕು 100 ಲೀಟರ್. ಮಿತವಾಗಿ ಬಳಸಿದರೆ ಮೂವರಿಗೆ ಎರಡು ದಿನ ಬರುತ್ತದೆ. ನಮ್ಮ ಜಿಲ್ಲೆಗಳ ಕೊಳವೆಬಾವಿಯ ಗಡಸು ನೀರು ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದರಿಂದ ಗೀಸರನ್ನು ಬಿಚ್ಚಿ ನೋಡುವುದು ಒಳ್ಳೆಯದು. ಕುಡಿಯಲು ಊರೂರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಳ್ಳುತ್ತೇವೆ. ಶೌಚಕ್ಕೆ ಎಳೆದು ತೆಗೆಯಬಹುದಾದ ಕ್ಯಾಸೆಟ್, ಅಂದರೆ ಮಲ ಶೇಖರವಾಗುವ ಚಿಕ್ಕ ಟ್ಯಾಂಕು ಇದೆ. ಅದನ್ನು ಖಾಲಿ ಮಾಡಲು ನಮ್ಮ ಭಾಗದಲ್ಲಿ ಪ್ರತ್ಯೇಕ ಜಾಗಗಳನ್ನು ನಾನು ಕಂಡಿಲ್ಲ, ತಂಗಿದ ಲಾಡ್ಜಿನ ಅಥವಾ ನಮ್ಮ ಮನೆಯ ಶೌಚಾಲಯವೇ ಗತಿ. ಆನೆಗೊಂದಿಯ ಬಳಿ, ತುಂಗಭದ್ರೆಯ ದಡದಲ್ಲಿ ಗಾಡಿ ನಿಲ್ಲಿಸುವವರು ಪಾತ್ರೆ ತೊಳೆದ ನೀರನ್ನೂ ನದಿಯ ಕಡೆಗೆ ಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕೆಳಗಡೆ ಅದೇ ನೀರನ್ನು ಕುಡಿಯುವ ಊರುಗಳಿವೆ.

ಹಳೆಯ ಮಾಲೀಕರು 14.2 ಕಿಲೋ ಮನೆಬಳಕೆಯ ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟಿದ್ದರು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕಪಾಟಿನ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇಲ್ಲದಿದ್ದರೆ ಅಪಾಯ ತಪ್ಪಿದ್ದಲ್ಲ. ನಾವು ಅದನ್ನು ಪೂರ್ತಿಯಾಗಿ ತೆಗೆಸಿ, ಇಂಡಕ್ಷನ್ ಒಲೆ ಮತ್ತು ತುರ್ತಿಗೆ ಹೊರಗಿಟ್ಟು ಬಳಸುವ 5 ಕಿಲೋ ಸಿಲಿಂಡರಿಗೆ ಬದಲಾದೆವು.

ತೂಕದ ವಿಷಯವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಆರ್‌ಸಿಯಲ್ಲಿ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಮರಗೆಲಸ, ಬ್ಯಾಟರಿ, ನೀರು, ಜನ ಎಲ್ಲ ಸೇರಿ ಅದನ್ನು ದಾಟಿದರೆ ಬ್ರೇಕು, ಟೈರು, ವಿಮೆ ಮೂರೂ ಕೈಕೊಡುತ್ತವೆ. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಲಾರಿ ತೂಗುವ ವೇ ಬ್ರಿಡ್ಜ್‌ಗಳಿಗೆ ಕೊರತೆಯಿಲ್ಲ. ಡೀಸೆಲ್ ಮತ್ತು ನೀರು ತುಂಬಿಸಿ, ಅವ್ವನನ್ನೂ ಕೂರಿಸಿಕೊಂಡು ಒಮ್ಮೆ ತೂಗಿಸಿದೆವು. ಮಿತಿಗಿಂತ ಸಾಕಷ್ಟು ಕೆಳಗಿದೆ. ಒಟ್ಟು ತೂಕ 7,500 ಕಿಲೋ ಒಳಗಿರುವುದರಿಂದ ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು.

ಕೇಳಿದ ಬೆಲೆ 15 ಲಕ್ಷ, ಟೈರು ಮತ್ತು ಬ್ಯಾಟರಿಗಳ ಲೆಕ್ಕ ಮುಂದಿಟ್ಟ ಮೇಲೆ 12 ಲಕ್ಷ 60 ಸಾವಿರಕ್ಕೆ ಮುಗಿಯಿತು. ದುರಸ್ತಿಗೆ ಮತ್ತೆ ಎರಡು ಲಕ್ಷದ ಹತ್ತಿರ ಹೋಗಿದೆ. ಮೈಲೇಜ್ ಲೀಟರಿಗೆ 9ರಿಂದ 10 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಕೊಪ್ಪಳದ ಕಡೆ ಗಂಟೆಗೆ 70ರ ವೇಗದಲ್ಲಿ ಹೋದರೆ ಒಳಗಿನ ಪಾತ್ರೆಗಳೂ ಅಲುಗುವುದಿಲ್ಲ. ಮುದಗಲ್ಲಿನ ಒಳರಸ್ತೆಗಳಲ್ಲಿ ಕಪಾಟುಗಳಿಗೆ ಚಿಲಕ ಬೇಕೇ ಬೇಕು. ಎಸಿ ಸೇರಿ ಎತ್ತರ 3 ಮೀಟರಿನ ಹತ್ತಿರ ಇರುವುದರಿಂದ ಕೌಲ್ ಬಜಾರಿನಂಥ ಓಣಿಗಳಲ್ಲಿ ಮೇಲಿನ ವೈರುಗಳನ್ನು ನೋಡಿಕೊಂಡೇ ಹೋಗಬೇಕು.

ಮನೆಯಲ್ಲಿ ಹಿರಿಯರಿದ್ದು, ವರ್ಷಕ್ಕೆ ಹಲವು ಬಾರಿ ಕ್ಷೇತ್ರಗಳಿಗೆ ಹೋಗುವ, ಗಾಡಿ ನಿಲ್ಲಿಸಲು ಸ್ವಂತ ನೆರಳಿರುವ ಕುಟುಂಬಕ್ಕೆ ಈ ಅಳತೆಯ ಹಳೆಯ ಕ್ಯಾರವಾನನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಅವ್ವ ಈಗ ದಾರಿಯಲ್ಲಿ ನೀರು ಕುಡಿಯಲು ಹೆದರುವುದಿಲ್ಲ, ಅದೊಂದಕ್ಕೇ ನಮಗೆ ಹಣ ಸಾರ್ಥಕವೆನಿಸಿದೆ. ವರ್ಷಕ್ಕೊಮ್ಮೆ ಮಾತ್ರ ಪ್ರವಾಸ ಹೋಗುವವರಿಗೆ ಬಾಡಿಗೆಯೇ ಲೇಸು. ಬೇಸಿಗೆಯಲ್ಲಿ ಕಾಡಿನಂಚಿನಲ್ಲಿ, ಕರೆಂಟ್ ಇಲ್ಲದ ಕಡೆ ಎಸಿ ಹಾಕಿ ಮಲಗಬೇಕೆನ್ನುವವರು ಇಷ್ಟು ಹಣಕ್ಕೆ ಅಂಥ ಗಾಡಿಯನ್ನು ಹುಡುಕಬಾರದು. ಕೊಳ್ಳಲೇಬೇಕೆಂದಿದ್ದರೆ ಏಪ್ರಿಲ್‌ನಲ್ಲಿ ನೋಡಿ, ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ಮಾಲೀಕರು ಬೆಳಿಗ್ಗೆಯಿಂದಲೇ ಎಸಿ ಹಾಕಿ ತಂಪು ಮಾಡಿಟ್ಟಿದ್ದರೆ ಎಸಿಯನ್ನು ಬಂದ್ ಮಾಡಿಸಿ, ಬಾಗಿಲು ತೆರೆದು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ಒಳಗೆ ಕಾಲಿಡಿ.